ಅವತ್ತೇ ಹೇಳಿದ್ದೆ

ಶನಿವಾರ ಬೆಳಿಗ್ಗೆ ಆರೂವರೆಗೆ ನಮ್ಮ ಮನೆ ಗ್ರೂಪಿಗೆ ಸಾಗರದ ದೊಡ್ಡಪ್ಪ ಹಾಕಿದ ಫಾರ್ವರ್ಡ್: ‘ಅಮೆರಿಕದಲ್ಲಿ ಆಟಗಾರರಿಗೆ ಪರೀಕ್ಷೆಯೇ ಇಲ್ಲ! ಚೆಂಡು ಒದ್ದರೆ ಕಾಲೇಜು ಸೀಟು!! ಎಲ್ಲರಿಗೂ ಕಳಿಸಿ.’ ಕೆಳಗೆ ಅವರದೇ ಸಾಲು: ‘ನಾನು ಅವತ್ತೇ ಹೇಳಿದ್ದೆ.’

ಯಾರಿಗೆ ಅಂತ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಡಲ್ಲಾಸ್‌ನಲ್ಲಿರುವ ಮೊಮ್ಮಗಳು ಬೆಳಗಿನ ಜಾವ ಎದ್ದು ಈಜಲು ಹೋಗುತ್ತಾಳೆ. 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ದೊಡ್ಡಪ್ಪನಿಗೆ ಅದು ಹಿಡಿಸಿಲ್ಲ.

ಮೊದಲ ಉತ್ತರ ನನ್ನ ತಂಗಿಯದು. ‘ಸೋರ್ಸ್ ಏನು ದೊಡ್ಡಪ್ಪ?’ ಹಲಸಿನ ಬೀಜ ತಿಂದರೆ ಬಿಪಿ ಇಳಿಯುತ್ತದೆ ಎಂಬ ಮೆಸೇಜಿಗೂ ಅವಳು ಇದನ್ನೇ ಕೇಳಿದ್ದಳು.

‘ಎಲ್ಲದಕ್ಕೂ ಸೋರ್ಸ್ ಕೇಳುವವರು ಹಿರಿಯರ ಮಾತು ಕೇಳುವುದು ಯಾವಾಗ?’

ಅಷ್ಟರಲ್ಲಿ ಡಲ್ಲಾಸ್ ಅಣ್ಣ ಬಂದ. ‘ಅಪ್ಪ, ಓದದೆ ಹಾಕಬೇಡಿ. ಕಾಲೇಜು ಆಟಗಳನ್ನು ನೋಡಿಕೊಳ್ಳುವುದು ಎನ್‌ಸಿಎಎ. ಆಡಲು ಎಸ್‌ಎಟಿ ಅಥವಾ ಎಸಿಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ಬೇಕು ಅನ್ನುವ ನಿಯಮವನ್ನು 2023ರ ಜನವರಿಯಲ್ಲಿ ತೆಗೆದರು, ಅಷ್ಟೇ. ಎಲ್ಲಕ್ಕಿಂತ ಮೇಲಿನ ಡಿವಿಷನ್ನಿನಲ್ಲಿ ಆಡಲು ಹೈಸ್ಕೂಲಿನ 16 ಮುಖ್ಯ ಕೋರ್ಸು ಮುಗಿಸಲೇಬೇಕು. ಅವುಗಳಲ್ಲಿ ಸರಾಸರಿ 4ಕ್ಕೆ 2.3 ಬೇಕು. ಸೀಟು ಕೊಡುವುದು ಕಾಲೇಜು. ಇಲ್ಲಿನ ಎಂಐಟಿ ಕಾಲೇಜು 2022ರಲ್ಲೇ ಪರೀಕ್ಷೆ ವಾಪಸ್ ತಂದಿದೆ. ಅಲ್ಲಿ ಈಜುವವರೂ ಬರೆಯಬೇಕು.’

ಚಿಕ್ಕಮ್ಮ: ‘ಎನ್‌ಸಿಸಿ ಒಳ್ಳೇದೇ ಅಲ್ವಾ? ಸಿ ಸರ್ಟಿಫಿಕೇಟ್ ಮಾಡಿಸಿ.’

ಯಾರೂ ತಿದ್ದಲಿಲ್ಲ.

ತಂಗಿ ಈಗ ತಾನೇ ಸೋರ್ಸ್ ಹುಡುಕಿಕೊಂಡು ಬಂದಿದ್ದಳು. ‘ಆ ನಿಯಮ 1986ರಿಂದ ಇತ್ತು. ಎಸ್‌ಎಟಿಯಲ್ಲಿ 1600ಕ್ಕೆ 700 ಬರದಿದ್ದರೆ ಮೊದಲ ವರ್ಷ ಆಡುವ ಹಾಗಿಲ್ಲ. ಪೆಟ್ಟು ಜಾಸ್ತಿ ಬಿದ್ದದ್ದು ಬಡ ಕಪ್ಪು ಹುಡುಗರಿಗೆ. 1989ರಲ್ಲಿ ಸ್ಕಾಲರ್‌ಶಿಪ್ಪನ್ನೂ ಕಿತ್ತುಕೊಳ್ಳಲು ಹೊರಟಾಗ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಅದನ್ನು ವಿರೋಧಿಸಿ ಪಂದ್ಯ ಶುರುವಾಗುವ ಹೊತ್ತಿಗೆ ಎದ್ದು ಹೊರಟುಬಿಟ್ಟರು.’

ನನಗೆ ಕೇಳಿದರೆ ಇಡೀ ದಿನದಲ್ಲಿ ಓದುವಂಥ ಮೆಸೇಜು ಅದೊಂದೇ. ದೊಡ್ಡಪ್ಪ ಅದರಲ್ಲಿ ಒಂದು ಅಂಕಿ ಮಾತ್ರ ಹೆಕ್ಕಿಕೊಂಡರು.

‘1600ಕ್ಕೆ 700. ಶೇ. 43.75. ನನ್ನ ಕ್ಲಾಸಿನಲ್ಲಿ ಕೊನೇ ಬೆಂಚು.’

‘ಎಸ್‌ಎಟಿ ಲೆಕ್ಕ ಸೊನ್ನೆಯಿಂದಲ್ಲ ದೊಡ್ಡಪ್ಪ, 400ರಿಂದ ಶುರು.’

‘ಹಾಗಾದರೆ ಇನ್ನೂ ಕಡಿಮೆ ಆಯಿತಲ್ಲ!’

ಲೆಕ್ಕ ಅವರದೇ ಸರಿ. ತಂಗಿ ಸುಮ್ಮನಾದಳು.

ಅಣ್ಣ ಬಿಡಲಿಲ್ಲ. ‘2019ರಲ್ಲಿ ಕಾಲೇಜು ಸೀಟಿನ ಹಗರಣದಲ್ಲಿ ಸಿಕ್ಕಿಬಿದ್ದವರು ಆಡುವವರಲ್ಲ, ಶ್ರೀಮಂತ ಅಪ್ಪ ಅಮ್ಮಂದಿರು. ರಿಕ್ ಸಿಂಗರ್ ಅನ್ನುವ ದಲ್ಲಾಳಿಗೆ ದುಡ್ಡು ಕೊಟ್ಟರು. ಕೆಲವರು ಬೇರೆಯವರ ಕೈಲಿ ಮಕ್ಕಳ ಪರೀಕ್ಷೆಯ ಉತ್ತರ ತಿದ್ದಿಸಿದರು. ಒಬ್ಬ ನಟಿ ಮಕ್ಕಳನ್ನು ರೋಯಿಂಗ್ ಮೆಷಿನ್ ಮೇಲೆ ಕೂರಿಸಿ ಫೋಟೋ ತೆಗೆಸಿ, ದೋಣಿ ಆಟಗಾರರು ಅಂತ ಸೀಟು ಕೊಡಿಸಿದರು. ನನ್ನ ಮಗಳು ನಿಜವಾಗಿ ಈಜುತ್ತಾಳೆ ಅಪ್ಪ.’

‘ನಾನು ಯಾರ ಹೆಸರೂ ಹೇಳಿಲ್ಲ.’

ಇಲ್ಲಿಗೆ ಮುಗಿಯುತ್ತಿತ್ತೋ ಏನೋ. ಹಾಸನದ ಭಾವ ಎದ್ದರು.

‘ಆಟ ಅಂದ್ರೆ ನಮ್ಮದು. ಸಂಜೆ ಗಣಪತಿ ಕೆರೆ ಹತ್ತಿರ ಖೋಖೋ. ಆಮೇಲೆ ಒಂದೊಂದು ಮಿರ್ಚಿ ಬಜ್ಜಿ.’

ಎಲ್ಲರೂ ಹೃದಯ ಒತ್ತಿದರು. ಭಾವ ಮುಂದುವರಿಸಿದರು. ‘1988. ಹತ್ತನೇ ಕ್ಲಾಸು, ಮಾವನ ಮನೆಯಲ್ಲಿದ್ದೆ. ಜಿಲ್ಲಾ ತಂಡಕ್ಕೆ ಸೆಲೆಕ್ಟ್ ಆಗಿದ್ದೆ. ಶಿವಮೊಗ್ಗಕ್ಕೆ ಹೊರಡುವ ಹಿಂದಿನ ರಾತ್ರಿ ನನ್ನ ಕ್ಯಾನ್ವಾಸ್ ಶೂ ಬಾವಿಗೆ ಬಿತ್ತು. ಶೂ ತಾನಾಗೇ ನಡೆದುಕೊಂಡು ಹೋಗಿ ಬೀಳುತ್ತಾ ಮಾವ?’

ಈ ಕತೆ ಮದುವೆ ಮನೆಗಳಲ್ಲಿ ಪಿಸುಪಿಸು ಕೇಳಿದ್ದೆ. ಬರಹದಲ್ಲಿ ಬಂದದ್ದು ಇದೇ ಮೊದಲು.

‘58 ಪರ್ಸೆಂಟ್ ಬಂತು ಮಾವ. ಆಡಿದ್ದರೂ ಅಷ್ಟೇ ಬರುತ್ತಿತ್ತು.’

ಎರಡು ನೀಲಿ ಗೀಟು. ಮಧ್ಯಾಹ್ನದವರೆಗೆ ಮಾತಿಲ್ಲ. ಊಟವಾದ ಮೇಲೆ ದೊಡ್ಡಪ್ಪ ಬರೆದರು: ‘ಶೂ ಹಾಕಿದ್ದು ನಾನಲ್ಲ. ಪರೀಕ್ಷೆ ಹತ್ತಿರ ಬಂತು ಅಂತ ಆ ವಾರ ನಿನ್ನ ಅಮ್ಮ ಬಂದಿದ್ದಳು. ಅವಳನ್ನು ಕೇಳು. ಇಷ್ಟು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ.’

ಅತ್ತೆ ಟೈಪ್ ಮಾಡುತ್ತಿದ್ದಾರೆ ಅಂತ ಬಹಳ ಹೊತ್ತು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಕೊನೆಗೆ ಬಂತು:

‘ಈ ಸಲ ಅಪ್ಪೆಮಿಡಿ ಚೆನ್ನಾಗಿದೆ. ಯಾರಿಗೆ ಎಷ್ಟು ಬೇಕು ಇವತ್ತೇ ಹೇಳಿ.’

‘ನನಗೆ 200’ ಅಂತ ಮೊದಲು ಬರೆದವರು ದೊಡ್ಡಪ್ಪ.