ವೈದ್ಯರಿಗೆ ತೋರಿಸುವ ದಿನ ಕಾಣದ ಉರಿ: ಸೂಕ್ಷ್ಮ ಚರ್ಮಕ್ಕೆ ಸರಿಯಾದ ಚಿಕಿತ್ಸೆ ಪಡೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನನ್ನ ಮುಖದ ಚರ್ಮ ಏನನ್ನೂ ತಾಳಿಕೊಳ್ಳುತ್ತಿಲ್ಲ. ತಣ್ಣೀರು ತಾಗಿದರೆ ಚುರುಗುಟ್ಟುತ್ತದೆ, ಬಿಸಿಲಿಗೆ ಹೋಗಿ ಬಂದರೆ ಕೆನ್ನೆ ಗಂಟೆಗಟ್ಟಲೆ ಉರಿಯುತ್ತದೆ, ಹೊಸದಾಗಿ ಏನು ಹಚ್ಚಿದರೂ ಕಣ್ಣಿನ ಕೆಳಗೂ ಬಾಯಿಯ ಸುತ್ತಲೂ ನವೆ ಏಳುತ್ತದೆ. ರಾತ್ರಿ ದಿಂಬಿನ ಬಟ್ಟೆ ಸೋಕಿದ್ದಕ್ಕೇ ಎಚ್ಚರವಾದ ದಿನಗಳಿವೆ. ನನ್ನ ಮೈಬಣ್ಣ ಕಪ್ಪಾದ್ದರಿಂದ ಉರಿ ಎಷ್ಟಿದ್ದರೂ ಕೆಂಪು ಎದ್ದು ಕಾಣುವುದಿಲ್ಲ. ಕೆನ್ನೆಯ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೆ.

ಮೊದಲು ಕಂಡ ಸಾಮಾನ್ಯ ವೈದ್ಯರು ಒಂದು ಕ್ರೀಮು ಬರೆದುಕೊಟ್ಟರು. ಮೂರನೆಯ ದಿನಕ್ಕೆ ಎಲ್ಲವೂ ಶಾಂತವಾಯಿತು, ಬಿಟ್ಟ ವಾರದೊಳಗೆ ಮೊದಲಿಗಿಂತ ಜೋರಾಗಿ ಮರಳಿತು. ಮತ್ತೆ ಹಚ್ಚಿದೆ, ಮತ್ತೆ ಬಿಟ್ಟೆ. ಅದೇ ಹಳೆಯ ಚೀಟಿಯನ್ನು ತೋರಿಸಿ ಇದುವರೆಗೆ ಐದಾರು ಟ್ಯೂಬುಗಳನ್ನು ತಂದಿದ್ದೇನೆ.

ಚರ್ಮರೋಗ ತಜ್ಞರನ್ನು ಕಾಣಲು ಮೂರು ತಿಂಗಳು ಕಾದು, ಕೆಲಸಕ್ಕೆ ರಜೆ ಹಾಕಿ, ಅರ್ಧ ದಿನ ಪ್ರಯಾಣ ಮಾಡಿ ಹೋದೆ. ಅಂದು ಮುಖ ಶಾಂತವಾಗಿತ್ತು. ತಜ್ಞರು ಒಮ್ಮೆ ನೋಡಿ, ಕಾಣುವಂಥದ್ದೇನೂ ಇಲ್ಲ, ಚರ್ಮ ಸೂಕ್ಷ್ಮವಾಗಿದೆ, ಏನನ್ನೂ ಹಚ್ಚಬೇಡಿ ಎಂದು ಹೇಳಿದರು. ಕ್ರೀಮಿನ ವಿಷಯವನ್ನು ಹೇಳಬೇಕೆಂದು ನಾನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದಾಗಿತ್ತು. ಹೊರಗೆ ಬಂದು ಬಹಳ ಹೊತ್ತು ಕುಳಿತೇ ಇದ್ದೆ. ಎರಡು ವರ್ಷದ ಸಂಕಟವನ್ನು ನಾನೇ ಕಲ್ಪಿಸಿಕೊಂಡಿದ್ದೇನೆಯೇ ಎಂಬ ಅನುಮಾನ ಅಂದು ಮೊದಲ ಬಾರಿಗೆ ಬಂತು.

ಮುಂದಿನ ಭೇಟಿಗೆ ಇನ್ನೂ ಹನ್ನೊಂದು ವಾರಗಳಿವೆ. ಅಲ್ಲಿಯವರೆಗೆ ಚರ್ಮವನ್ನು ಹೇಗೆ ನೋಡಿಕೊಳ್ಳಲಿ? ಅಂದು ನನ್ನ ತೊಂದರೆ ವೈದ್ಯರಿಗೆ ಅರ್ಥವಾಗಬೇಕಾದರೆ ಏನು ಸಿದ್ಧತೆ ಮಾಡಿಕೊಳ್ಳಲಿ? ಇದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1

ನೀವು ಕಲ್ಪಿಸಿಕೊಂಡಿಲ್ಲ. ಮಿಕ್ಕ ಮಾತಿಗಿಂತ ಮೊದಲು ಇದನ್ನು ಹೇಳಲೇಬೇಕು. ನವೆಯನ್ನು ಅಧ್ಯಯನ ಮಾಡುವ ತಜ್ಞರ ಅಂತರರಾಷ್ಟ್ರೀಯ ವೇದಿಕೆಯೊಂದು 2017ರಲ್ಲಿ ಸೂಕ್ಷ್ಮ ಚರ್ಮಕ್ಕೆ ಒಂದು ವ್ಯಾಖ್ಯೆಯನ್ನು ಕೊಟ್ಟಿದೆ. ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡದ ಸಂಗತಿಗಳಿಗೂ ಉರಿ, ಚುಚ್ಚು, ನೋವು, ನವೆ, ಜುಮುಜುಮು ಉಂಟಾಗುವುದು, ಮತ್ತು ಬೇರೆ ಚರ್ಮರೋಗದ ಗುರುತುಗಳಿಂದ ಅದನ್ನು ವಿವರಿಸಲಾಗದಿರುವುದು ಅದರ ತಿರುಳು. ಚರ್ಮ ನೋಡಲು ಪೂರ್ತಿ ಸರಿಯಾಗಿಯೇ ಇರಬಹುದು ಎಂಬ ಮಾತು ಆ ವ್ಯಾಖ್ಯೆಯೊಳಗೇ ಇದೆ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು: ಬೇರೆ ಕಾಯಿಲೆಗಳಿಲ್ಲ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಈ ಹೆಸರನ್ನು ಕೊಡಬಹುದು. ನಿಮ್ಮ ವಿಷಯದಲ್ಲಿ ಆ ಹುಡುಕಾಟವೇ ನಡೆದಿಲ್ಲ.

ನನ್ನ ಕಥೆಯನ್ನು ಹೇಳುತ್ತೇನೆ. ನಾಲ್ಕು ವರ್ಷ ನನ್ನ ಕಣ್ಣುರೆಪ್ಪೆ ಮತ್ತು ಕತ್ತು ಉರಿದು ಸಿಪ್ಪೆ ಏಳುತ್ತಿದ್ದವು. ಮುಖಕ್ಕೆ ಹಚ್ಚುವುದನ್ನೆಲ್ಲ ಒಂದೊಂದಾಗಿ ಬಿಟ್ಟೆ, ಏನೂ ಬದಲಾಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ, ಚರ್ಮಕ್ಕೆ ಸೂಜಿ ತಾಗಿಸಿ ನೋಡುವ ಅಲರ್ಜಿ ಪರೀಕ್ಷೆಯನ್ನೂ ಮಾಡಿಸಿದೆ. ಎರಡರಲ್ಲಿಯೂ ಏನೂ ಸಿಗಲಿಲ್ಲ. ಅವೆರಡೂ ನಿಮಿಷಗಳಲ್ಲಿ ಏಳುವ ಅಲರ್ಜಿಯನ್ನು ಹುಡುಕುವ ಪರೀಕ್ಷೆಗಳು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಹಚ್ಚಿದ ವಸ್ತುಗಳಿಂದ ಬರುವ ಸಂಪರ್ಕದ ಅಲರ್ಜಿ ನಿಧಾನದ್ದು, ಎರಡು ಮೂರು ದಿನ ಕಳೆದು ಕಾಣಿಸಿಕೊಳ್ಳುವಂಥದ್ದು. ಅದನ್ನು ಪತ್ತೆ ಮಾಡುವುದು ಪ್ಯಾಚ್ ಪರೀಕ್ಷೆ. ಯೋಸೆಫ್ ಯಾಡಸ್ಸೋನ್ ಎಂಬ ವೈದ್ಯ 1895ರಲ್ಲಿಯೇ ಇದನ್ನು ವಿವರಿಸಿದ್ದರು. ತತ್ತ್ವ ಇಂದಿಗೂ ಅದೇ. ಶಂಕಿತ ವಸ್ತುಗಳನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು, ಆಗ ಒಮ್ಮೆ ಮತ್ತು ಇನ್ನೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನು ಒದ್ದೆಯಾಗುವಂತಿಲ್ಲ. ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಅಥವಾ ಬೆನ್ನಿಗೆ ಸ್ಟೀರಾಯ್ಡ್ ಹಚ್ಚಿಕೊಂಡಿದ್ದರೆ ಫಲಿತಾಂಶ ಕೆಡಬಹುದು, ಆದ್ದರಿಂದ ಅದನ್ನು ಮೊದಲೇ ತಿಳಿಸಬೇಕು.

ನನ್ನ ಬೆನ್ನಿನ ಮೇಲೆ ಎದ್ದದ್ದು ಮೀಥೈಲ್‌ಐಸೋಥಯಾಜೋಲಿನೋನ್ ಎಂಬ, ಪದಾರ್ಥ ಕೆಡದಂತೆ ಬೆರೆಸುವ ಸಂರಕ್ಷಕಕ್ಕೆ. ಅದು ಇದ್ದದ್ದು ನನ್ನ ಶಾಂಪೂವಿನಲ್ಲಿ! ತಲೆ ತೊಳೆದ ನೀರು ರೆಪ್ಪೆ ಮತ್ತು ಕತ್ತಿನ ಮೇಲೆ ಇಳಿಯುತ್ತಿತ್ತು. ನೆತ್ತಿಯ ದಪ್ಪ ಚರ್ಮಕ್ಕೆ ಏನೂ ಆಗುತ್ತಿರಲಿಲ್ಲ, ರೆಪ್ಪೆಯ ತೆಳು ಚರ್ಮ ಅನುಭವಿಸುತ್ತಿತ್ತು. ಹಚ್ಚಿ ಹಾಗೆಯೇ ಬಿಡುವ ಪ್ರಸಾಧನಗಳಲ್ಲಿ ಈ ಸಂರಕ್ಷಕವನ್ನು ಬಳಸುವುದನ್ನು ಐರೋಪ್ಯ ಒಕ್ಕೂಟವು 2017ರಲ್ಲಿ ನಿಷೇಧಿಸಿತು, ಆದರೆ ತೊಳೆದುಹೋಗುವ ಪದಾರ್ಥಗಳಲ್ಲಿ ಅಲ್ಪ ಪ್ರಮಾಣಕ್ಕೆ ಅವಕಾಶ ಉಳಿಯಿತು. ಆದುದರಿಂದ ಮುಖದ ತೊಂದರೆಗೆ ಕಾರಣವನ್ನು ಮುಖಕ್ಕೆ ಹಚ್ಚುವುದರಲ್ಲಿ ಮಾತ್ರ ಹುಡುಕಬೇಡಿ. ಉಗುರಿನ ಬಣ್ಣದಿಂದ ಬೆರಳಿಗೆ ಏನೂ ಆಗದೆ ರೆಪ್ಪೆಗೆ ಇಸುಬು ಬರುವುದೂ ಉಂಟು, ಏಕೆಂದರೆ ಕೈ ದಿನಕ್ಕೆ ಎಷ್ಟೋ ಸಲ ಕಣ್ಣಿನ ಬಳಿ ಹೋಗುತ್ತದೆ.

ಭೇಟಿಯ ದಿನಕ್ಕೆ ನಾನು ಮಾಡಿಕೊಂಡ ಸಿದ್ಧತೆ ಹೀಗಿತ್ತು. ಉರಿ ಎದ್ದಾಗಲೆಲ್ಲ ಕಿಟಕಿಯ ಬೆಳಕಿನಲ್ಲಿ, ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದೆ, ಶಾಂತವಾಗಿದ್ದ ದಿನದ ಒಂದನ್ನೂ ಹೋಲಿಕೆಗೆ ಇಟ್ಟುಕೊಂಡೆ. ನಿಮ್ಮ ಮೈಬಣ್ಣಕ್ಕೆ ಈ ಹೋಲಿಕೆ ಬಹಳ ಮುಖ್ಯ. ಕಪ್ಪು ಚರ್ಮದಲ್ಲಿ ಉರಿಯೂತ ಕೆಂಪಾಗಿ ಕಾಣದೆ ನೇರಳೆ, ಬೂದು ಅಥವಾ ಗಾಢ ಕಂದಾಗಿ ಕಾಣಬಹುದು, ಮತ್ತು ಮುಖ ಕೆಂಪೇರಿ ಉರಿಯುವ ರೋಸೇಶಿಯಾ ಎಂಬ ಕಾಯಿಲೆ ಇದೇ ಕಾರಣಕ್ಕೆ ಹಲವರಲ್ಲಿ ಗುರುತಾಗದೆ ಉಳಿಯುತ್ತದೆ. ಬಿಸಿಲಿಗೆ ಕೆನ್ನೆ ಗಂಟೆಗಟ್ಟಲೆ ಉರಿಯುತ್ತದೆ ಎಂದಿದ್ದೀರಿ, ಅದನ್ನು ತಪ್ಪದೆ ಹೇಳಿ. ಇನ್ನು, ಒಂದೇ ಒಂದು ಹಾಳೆಯಲ್ಲಿ ಯಾವಾಗ ಶುರುವಾಯಿತು, ಎಲ್ಲಿ, ಯಾವುದರಿಂದ ಹೆಚ್ಚುತ್ತದೆ, ಏನೇನು ಹಚ್ಚಿದ್ದೀರಿ ಎಂಬುದನ್ನು ಬರೆದು, ಕೊನೆಯಲ್ಲಿ ನಿಮ್ಮ ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆಯಿರಿ: ನನಗೆ ಪ್ಯಾಚ್ ಪರೀಕ್ಷೆ ಬೇಕೇ, ಬೇಡವಾದರೆ ಏಕೆ? ಒಳಗೆ ಹೋದ ಕೂಡಲೇ ಹಾಳೆಯನ್ನು ಅವರ ಕೈಗೆ ಕೊಡಿ. ಐದು ನಿಮಿಷದಲ್ಲಿ ಬಾಯಿಮಾತಿಗೆ ಸಿಗದ ಗಮನ ಬರೆದ ಹಾಳೆಗೆ ಸಿಗುತ್ತದೆ.

ಉತ್ತರ 2

ಔಷಧ ವಿತರಣೆಯಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ಆ ಐದಾರು ಟ್ಯೂಬುಗಳು. ಹಚ್ಚಿದರೆ ಮೂರೇ ದಿನದಲ್ಲಿ ಶಮನ, ಬಿಟ್ಟರೆ ಮೊದಲಿಗಿಂತ ಜೋರು ಎಂಬುದು ಮುಖಕ್ಕೆ ಸ್ಟೀರಾಯ್ಡ್ ಬಹಳ ಕಾಲ ಹಚ್ಚಿದವರಲ್ಲಿ ಮತ್ತೆ ಮತ್ತೆ ಕಾಣುವ ನಡಾವಳಿ. ಟ್ಯೂಬಿನ ಮೇಲೆ ದೊಡ್ಡದಾಗಿ ಬರೆದ ಹೆಸರನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರುಗಳನ್ನು ಓದಿ. ಹೈಡ್ರೊಕಾರ್ಟಿಸೋನ್, ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಇವೆಲ್ಲವೂ ಸ್ಟೀರಾಯ್ಡುಗಳೇ. ಮೊದಲನೆಯದು ಸೌಮ್ಯ, ಕೊನೆಯದು ಅತ್ಯಂತ ಪ್ರಬಲ.

ಈ ಔಷಧಗಳನ್ನು ನಾನು ದೂರುತ್ತಿಲ್ಲ. 1952ರಲ್ಲಿ ಚರ್ಮಕ್ಕೆ ಹಚ್ಚುವ ಹೈಡ್ರೊಕಾರ್ಟಿಸೋನ್ ಫಲ ಕೊಟ್ಟದ್ದು ವರದಿಯಾದ ಮೇಲೆ ಇಸುಬಿನ ರೋಗಿಗಳ ಬದುಕೇ ಬದಲಾಯಿತು. ಸರಿಯಾದ ಬಲದ್ದನ್ನು, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಹೆದರಬೇಕಾಗಿಲ್ಲ, ಹೆದರಿ ತೀರ ಕಡಿಮೆ ಹಚ್ಚುವುದೂ ತಪ್ಪೇ. ಆದರೆ ಪ್ರಬಲವಾದದ್ದನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಬಾಯಿಯ ಸುತ್ತ, ತುಟಿಯ ಅಂಚಿಗೆ ಒಂದು ತೆಳು ಗೆರೆಯಷ್ಟು ಜಾಗ ಬಿಟ್ಟು, ಸಣ್ಣ ಗುಳ್ಳೆಗಳು ಏಳುತ್ತವೆ, ಮತ್ತು ಕೊನೆಗೆ ನೀರು ತಾಗಿದರೂ ಉರಿಯುವ ಸ್ಥಿತಿ ಬರುತ್ತದೆ. ನಿಮ್ಮದು ಇದೇ ಎಂದು ನಾನು ಹೇಳಲಾರೆ, ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಇದನ್ನು ಕೇಳಲು ಹನ್ನೊಂದು ವಾರ ಕಾಯಬೇಕಾಗಿಲ್ಲ. ಬರೆದುಕೊಟ್ಟ ಸಾಮಾನ್ಯ ವೈದ್ಯರ ಬಳಿಗೇ ಟ್ಯೂಬನ್ನು ಹಿಡಿದು ಈ ವಾರವೇ ಹೋಗಿ, ಒಟ್ಟು ಎಷ್ಟು ತಿಂಗಳು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ನಿಮ್ಮಷ್ಟಕ್ಕೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಹೇಗೆ ಇಳಿಸಬೇಕು, ಬದಲಿಗೆ ಸ್ಟೀರಾಯ್ಡ್ ಅಲ್ಲದ ಔಷಧ ಆಗುತ್ತದೆಯೇ ಎಂಬುದನ್ನು ಅವರೇ ಹೇಳಲಿ. ಅದೇ ಭೇಟಿಯಲ್ಲಿ, ತಜ್ಞರಿಗೆ ಒಂದು ಪತ್ರ ಬರೆದುಕೊಡಿ, ಭೇಟಿ ಇನ್ನೂ ಬೇಗ ಸಿಗುವಂತೆ ಮಾಡಲು ಸಾಧ್ಯವೇ ನೋಡಿ ಎಂದು ಕೇಳಿಕೊಳ್ಳಿ. ರೋಗಿ ಕೇಳುವುದಕ್ಕೂ ಇನ್ನೊಬ್ಬ ವೈದ್ಯರು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಫೋಟೋಗಳನ್ನು ತಜ್ಞರಿಗೆ ಕಳುಹಿಸಿ ಸಲಹೆ ಪಡೆಯುವ ವ್ಯವಸ್ಥೆ ಅವರಿಗೆ ಲಭ್ಯವಿದ್ದರೆ ಅದನ್ನೂ ವಿಚಾರಿಸಿ.

ಅಲ್ಲಿಯವರೆಗಿನ ಆರೈಕೆ ಸರಳವಾಗಿರಲಿ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಆಮ್ಲೀಯತೆಯ ಅಳತೆಯಾದ ಪಿಎಚ್ ಅದರಲ್ಲಿ ಸುಮಾರು 5ರ ಆಸುಪಾಸು. ಮಾಮೂಲಿ ಸಾಬೂನಿನದು 9ರಿಂದ 10, ಅಂದರೆ ಕ್ಷಾರೀಯ. ಮುಖಕ್ಕೆ ಸಾಬೂನು ಬೇಡ, ಉಗುರುಬೆಚ್ಚಗಿನ ನೀರು ಸಾಕು, ಒರೆಸುವಾಗ ಉಜ್ಜದೆ ಒತ್ತಿ. ಚರ್ಮದಲ್ಲಿ ಇನ್ನೂ ತೇವವಿರುವಾಗಲೇ ಪರಿಮಳವಿಲ್ಲದ ಒಂದು ಮಾಯಿಶ್ಚರೈಸರ್ ಹಚ್ಚಿ. ವಾಸನೆಯಿಲ್ಲ ಎಂದು ಬರೆದ ಕೆಲವು ಪದಾರ್ಥಗಳಲ್ಲಿ ವಾಸನೆಯನ್ನು ಮರೆಮಾಚಲು ಸುಗಂಧವನ್ನು ಬೆರೆಸಿರುತ್ತಾರೆ. ಸುಗಂಧವನ್ನೇ ಸೇರಿಸಿಲ್ಲ ಎಂದಿರುವುದು ಬೇಕು. ಅಲರ್ಜಿ ತರುವುದು ಕಡಿಮೆ ಎಂಬರ್ಥದ ಹೈಪೋಅಲರ್ಜೆನಿಕ್ ಎಂಬ ಪದವನ್ನು ನಂಬಿ ಏನನ್ನೂ ಕೊಳ್ಳಬೇಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಆ ಪದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ ಎಂದು ಹೇಳಿದೆ.

ಉತ್ತರ 3

ಮೇಲಿನ ಇಬ್ಬರ ಮಾತೂ ಸರಿ, ಒಂದನ್ನು ಮಾತ್ರ ಸೇರಿಸಬೇಕು. ಹೊಸ ಮಾಯಿಶ್ಚರೈಸರನ್ನು ನೇರವಾಗಿ ಮುಖಕ್ಕೆ ಹಚ್ಚಬೇಡಿ. ಮೊಣಕೈ ಮಡಿಕೆಯ ಬಳಿ ಒಂದು ಸಣ್ಣ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ ಕನಿಷ್ಠ ಒಂದು ವಾರ ಹಚ್ಚಿ ನೋಡಿ. ಒಂದೇ ರಾತ್ರಿ ಹಚ್ಚಿ, ಏನೂ ಆಗಲಿಲ್ಲ ಎಂದು ಬೆಳಿಗ್ಗೆ ತೀರ್ಮಾನಿಸಿದರೆ ನಿಧಾನದ ಅಲರ್ಜಿ ತಪ್ಪಿಸಿಕೊಳ್ಳುತ್ತದೆ. ಹಚ್ಚಿ ಬಿಡುವ ಪದಾರ್ಥಗಳಿಗೆ ಮಾತ್ರ ಈ ವಿಧಾನ; ಸಾಬೂನು, ಶಾಂಪೂ, ಕೂದಲಿನ ಬಣ್ಣವನ್ನು ಹೀಗೆ ಎಂದಿಗೂ ಪರೀಕ್ಷಿಸಬಾರದು. ಚರ್ಮ ಕೆರಳಿರುವ ದಿನಗಳಲ್ಲಿ ಯಾವ ಪ್ರಯೋಗವೂ ಬೇಡ.

ಹಾಗೆಯೇ, ಕಾಯಬಾರದ ಸಂದರ್ಭಗಳೂ ಇವೆ. ತುಟಿ ಅಥವಾ ನಾಲಗೆ ಊದಿಕೊಂಡು ಉಸಿರಾಟ ಕಷ್ಟವಾದರೆ, ಜ್ವರದೊಂದಿಗೆ ದದ್ದು ಬೇಗನೆ ಹರಡಿದರೆ, ಹೊಸ ಔಷಧ ಶುರುಮಾಡಿದ ಮೇಲೆ ಬಾಯಿ, ಕಣ್ಣು ಅಥವಾ ಗುಪ್ತಾಂಗದಲ್ಲಿ ಹುಣ್ಣಾದರೆ, ನೀರುಗುಳ್ಳೆ ಎದ್ದು ಚರ್ಮ ಕಳಚತೊಡಗಿದರೆ ಯಾರ ಸರದಿಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಬೇಕು. ನಮ್ಮ ಮನೆಯಲ್ಲಿ ಇಂಥದ್ದೊಂದು ನಡೆದಾಗ, ಮುಂದಿನ ವಾರ ಹೇಗೂ ಭೇಟಿಯಿದೆ ಎಂದು ಒಂದು ಇಡೀ ದಿನ ತಡೆದಿದ್ದೆವು. ಆ ತಪ್ಪನ್ನು ಯಾರೂ ಮಾಡಬಾರದೆಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಮೂವರಿಗೂ ನಾನು ಋಣಿ. ಟ್ಯೂಬನ್ನು ಬೆಳಕಿಗೆ ಹಿಡಿದು ಓದಿದೆ. ಅದರಲ್ಲಿ ಎರಡು ಹೆಸರುಗಳಿವೆ: ಬೆಟಾಮೆಥಾಸೋನ್ ಮತ್ತು ನಿಯೋಮೈಸಿನ್. ಮೊದಲನೆಯದು ಏನೆಂದು ಈಗ ತಿಳಿಯಿತು. ಎರಡನೆಯದು ಏನು? ಲೆಕ್ಕ ಹಾಕಿ ನೋಡಿದರೆ ಎರಡು ವರ್ಷಗಳಲ್ಲಿ ಹೆಚ್ಚು ಕಡಿಮೆ ಹದಿನಾಲ್ಕು ತಿಂಗಳು ಇದನ್ನು ಹಚ್ಚಿದ್ದೇನೆ. ಬರೆದು ನೋಡುವವರೆಗೆ ಅಷ್ಟೊಂದು ಎಂದು ನನಗೇ ಗೊತ್ತಿರಲಿಲ್ಲ.

ಉತ್ತರ 2 ಬರೆದವರಿಂದ

ನಿಯೋಮೈಸಿನ್ ಒಂದು ಆ್ಯಂಟಿಬಯೋಟಿಕ್. ಸಂಪರ್ಕದ ಅಲರ್ಜಿಗೆ ಕಾರಣವಾಗುವ ಔಷಧಗಳಲ್ಲಿ ಅದು ಹೆಸರಾದದ್ದು. ಪ್ಯಾಚ್ ಪರೀಕ್ಷೆಯ ಸಾಮಾನ್ಯ ಪಟ್ಟಿಯಲ್ಲಿ ಅದಕ್ಕೆ ಬಹುಕಾಲದಿಂದ ಸ್ಥಾನವಿದೆ. ಇಂಥ ಬೆರಕೆಯಲ್ಲಿ ಒಂದು ತೊಡಕಿದೆ: ಅಲರ್ಜಿ ಇದ್ದರೂ ಜೊತೆಗಿರುವ ಸ್ಟೀರಾಯ್ಡ್ ಅದನ್ನು ಅದುಮಿಡುತ್ತದೆ, ಆದ್ದರಿಂದ ಹಚ್ಚುವಷ್ಟು ಕಾಲ ಗುಣವಾಗುತ್ತಿದೆ ಎಂದೇ ಅನ್ನಿಸಬಹುದು. ನಿಮಗೆ ಆ ಅಲರ್ಜಿ ಇದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಪರೀಕ್ಷೆಯೇ ಹೇಳಬೇಕು. ಆದರೆ ಹಾಳೆಯ ಮೊದಲ ಸಾಲಿನಲ್ಲಿ ಈ ಎರಡು ಹೆಸರುಗಳನ್ನೂ ಹದಿನಾಲ್ಕು ತಿಂಗಳು ಎಂಬುದನ್ನೂ ಬರೆಯಿರಿ, ಖಾಲಿ ಟ್ಯೂಬನ್ನು ಎಸೆಯದೆ ಜೊತೆಗೆ ಒಯ್ಯಿರಿ.

ಪ್ರಶ್ನೆ ಕೇಳಿದವರಿಂದ

ಬರೆದಿದ್ದೇನೆ. ಸಾಮಾನ್ಯ ವೈದ್ಯರನ್ನು ನಾಡಿದ್ದು ಬೆಳಿಗ್ಗೆ ಕಾಣುತ್ತೇನೆ. ನಿನ್ನೆ ರಾತ್ರಿ ಉರಿ ಎದ್ದಿತ್ತು. ಇಂದು ಬೆಳಗಾದ ಮೇಲೂ ಇದ್ದುದರಿಂದ ಕಿಟಕಿಯ ಬಳಿ ನಿಂತು ಮೊದಲ ಫೋಟೋವನ್ನು ತೆಗೆದುಕೊಂಡಿದ್ದೇನೆ. ಅವರು ಏನೆನ್ನುತ್ತಾರೆ ಎಂಬುದನ್ನು ಇಲ್ಲಿಯೇ ತಿಳಿಸುತ್ತೇನೆ.