ಅದ ಗವಿ, ಅದ ಬಾಗಲಾ

ಗುಂಪು: 2011ರ ಬ್ಯಾಚ್, ಬಾಗಲಕೋಟಿ

ಸಂಗಮೇಶ ಇಂಡಿ, 9:04
(ವಿಡಿಯೊ ಫಾರ್ವರ್ಡ್) ಡ್ರ್ಯಾಗನ್ ಏಜ್ ಅನ್ನೂ ಕಂಪ್ಯೂಟರ್ ಆಟದ ಎರಡನೇ ಭಾಗಕ್ಕ ಮಂದಿ ಅನ್ಯಾಯ ಮಾಡ್ಯಾರ ಅಂತಾನ ಇಂವ. ಪೂರಾ ನೋಡೀನಿ, ಖರೇ ಅನಿಸ್ತು.

ಮಲ್ಲು ಜಮಖಂಡಿ, 9:11
ಕಾಯ್ಕೋತ ಕುಂತಿದ್ದ ನಮಗ್ಯಾರು ನ್ಯಾಯ ಕೊಡವ್ರು ಸಂಗ್ಯಾ? ಮೊದಲನೇ ಭಾಗ ಆರಿಜಿನ್ಸ್ ಬಂದಿದ್ದು 2009ರ ನವೆಂಬರ್‌ದಾಗ. ಇದು 2011ರ ಮಾರ್ಚ್‌ದಾಗ. ಬರೇ 16 ತಿಂಗಳು. ಅವಸರ ಮಾಡಿದ್ದು ಹೆಜ್ಜಿ ಹೆಜ್ಜಿಗೂ ಕಾಣತೈತಿ.

ಮಲ್ಲು ಜಮಖಂಡಿ, 9:13
ಆ ಗವಿ ನೆನಪೈತಿಲ್ಲೊ? ಗುಡ್ಡಕ್ಕ ಹೋದ್ರೂ ಅದ ಗವಿ, ಸಮುದ್ರ ದಂಡಿಗೆ ಹೋದ್ರೂ ಅದ ಗವಿ. ಒಂದ್ಸಲ ಎಡಕಿನ ಬಾಗಲಾ ಮುಚ್ಚಿರತಾರ, ಮುಂದಿನ ಸಲ ಬಲಕಿಂದು. ನಕಾಶೆದಾಗ ಮಾತ್ರ ಮುಚ್ಚಿದ ಹಾದಿನೂ ಹಂಗ ಕಾಣತೈತಿ.

ರಫೀಕ್ ವಿಜಾಪುರ, 9:15
ಬಾಗಲಾನೂ ಅಲ್ಲ, ಒಂದು ಕಲ್ಲಿನ ಚಪ್ಪಡಿ. ಅದನ್ನ ನಾವು ಗ್ವಾಡಿ ಅಂತ ತಿಳ್ಕೋಬೇಕಂತ.

ಶಿವಲೀಲಾ, 9:22
ಗವಿ ಬಿಡ್ರಿ, ಕಥಿ ಬಗ್ಗೆ ಯಾರೂ ಮಾತಾಡವಲ್ರಿ. ಎರಡನೇದ್ರಾಗ ನಾವು ಆಡೂ ಪಾತ್ರ ಹಾಕ್‌. ಅವನ ಮನಿ ಮಂದಿ ಲೋದರಿಂಗ್ ಊರು ಬಿಟ್ಟು ಓಡಿ ಬರತಾರ. ಹಾದ್ಯಾಗ ಹಾಕ್‌ನ ತಮ್ಮ ಇಲ್ಲಾ ತಂಗಿ ತೀರಿ ಹೋಗತಾರ. ಕರ್ಕ್‌ವಾಲ್ ಪ್ಯಾಟಿ ಮುಟ್ಟಿದ್ರ ಅವ್ವನ ತವರ್ಮನಿ ವಾಡೆ ಮಾಮಾನ ಸಾಲದಾಗ ಹೋಗೇತಿ. ಅವನ ಮುರುಕ ಮನ್ಯಾಗ ದಿನಾ ದೂಡಬೇಕು.
ನಮ್ಮ ಮನಿ ಹಳೇ ಬಾಗಲಕೋಟ್ಯಾಗ ಮುಳುಗಡಿ ಆತು. ಆಲಮಟ್ಟಿ ಹಿನ್ನೀರು ಬಂತು, ನಾವು ನವನಗರಕ್ಕ ಬಂದ್ವಿ. ಯಾರರ ಮನಿ ಎಲ್ಲಿ ಅಂತ ಕೇಳಿದ್ರ ನಮ್ಮವ್ವ ಮೊದಲು ಹಳೇ ಓಣಿ ಹೆಸರು ಹೇಳ್ತಿದ್ಲು, ಆಮ್ಯಾಗ ಸೆಕ್ಟರ್ ನಂಬರ್. ಆಟದಾಗ ಆ ಅವ್ವ ತನ್ನ ಹಳೇ ಮನಿ ಮಾತು ತಗದಾಗ ನಾ ಕಂಪ್ಯೂಟರ್ ಬಂದ್ ಮಾಡಿ ನಮ್ಮವ್ವನ ಹತ್ರ ಹೋಗಿ ಕುಂತಿದ್ನಿ. ಹಂಗ ಆರಿಜಿನ್ಸ್ ಆಡೂಮುಂದ ಒಂದ್ಸಲಾನೂ ಆಗಿದ್ದಿಲ್ಲ.

ಮಲ್ಲು ಜಮಖಂಡಿ, 9:31
ಅದಕ್ಕ ನನಗ ಸಿಟ್ಟು ಹೆಚ್ಚು ಶಿವಲೀಲಾ. ಇಂಥಾ ಕಥಿ ಕೈಯಾಗಿತ್ತು. ಮೂರು ಅಂಕ, ಒಂದೊಂದ್ರ ನಡಕ ಮೂರ್ಮೂರು ವರ್ಷ ಹೋಗತಾವ. ಊರಾಗ ಒಂದು ಅಂಗಡಿ ಬದಲಾಗೂದಿಲ್ಲ. ಅದ ಮಂದಿ, ನಿಂತಲ್ಲೇ ನಿಂತಿರತಾರ. ನವನಗರದಾಗ ಮೂರು ವರ್ಷಕ್ಕ ಏನೇನಾತು ನೀನ ಹೇಳು.

ಶಿವಲೀಲಾ, 9:34
ಬಂದಾಗ ಮನಿ ಮುಂದ ನೆರಳ ಇರಲಿಲ್ಲ. ಅಪ್ಪ ಹಚ್ಚಿದ ಬೇವು ಮೂರು ವರ್ಷಕ್ಕ ನನಗಿಂತ ಎತ್ತರ ಆಗಿತ್ತು. ಇದೊಂದು ಮಾತು ಒಪ್ಪತೀನಿ.

ರಫೀಕ್ ವಿಜಾಪುರ, 9:40
ನನಗ ನೋವಾಗಿದ್ದು ಬ್ಯಾರೆ. ಆರಿಜಿನ್ಸ್ ನಾವು ಹಾಸ್ಟೆಲ್‌ದಾಗ ಆರು ಮಂದಿ ಒಂದ ಕಂಪ್ಯೂಟರ್ ಮುಂದ ಕುಂತು ಆಡಿದ್ವಿ. ಕ್ಯಾಮೆರಾ ಮ್ಯಾಲ ಏರಿಸೂದು, ಪಾಜ್ ಒತ್ತೂದು, ಮಂತ್ರಗಾರ್ತಿ ಮಾರಿಗನ್ ಎಲ್ಲಿ ನಿಲ್ಲಬೇಕು, ಗಾಯ ವಾಸಿ ಮಾಡೂ ವಿನ್ ಮೊದಲು ಯಾರನ್ನ ಉಳಿಸಬೇಕು ಅಂತ ಗುದ್ದಾಡೂದು. ಚಹಾ ಆರಿ ಹೋಗ್ತಿತ್ತು. ಎರಡನೇದ್ರಾಗ ಆ ಮ್ಯಾಲಿನ ನೋಟಾನ ತಗದ್ರು. ಎಲ್ಲಾರನ್ನೂ ಸರಿಯಾಗಿ ನಿಲ್ಲಿಸಿ ಗೆದ್ವಿ ಅನ್ನೂದ್ರಾಗ ಮಾಳಿಗಿ ಮ್ಯಾಲಿಂದ ಇನ್ನೊಂದು ಹಿಂಡು ನಮ್ಮ ಮಂತ್ರಗಾರನ ತಲಿ ಮ್ಯಾಲ ಜಿಗೀತಿತ್ತು. ಮತ್ತ ವಿಚಾರ ಮಾಡಿ ಏನುಪಯೋಗ?

ಸಂಗಮೇಶ ಇಂಡಿ, 9:43
ಹೊಡೆದಾಟ ಚುರುಕಾತಲ್ಲೊ. ಮತ್ತ ವ್ಯಾರಿಕ್‌ನಂಥ ದೋಸ್ತ ಆರಿಜಿನ್ಸ್‌ದಾಗ ಯಾರಿದ್ರು?

ಮಲ್ಲು ಜಮಖಂಡಿ, 9:49
ವ್ಯಾರಿಕ್ ಭಾಳ ಛಲೋ, ಇಲ್ಲನ್ನಂಗಿಲ್ಲ. ಆದ್ರ ಆರಿಜಿನ್ಸ್‌ದಾಗ ನಮ್ಮ ಪಾತ್ರಕ್ಕ ಆರಿಸ್ಕೊಳ್ಳಾಕ ಆರು ನಮೂನಿ ಹುಟ್ಟು ಇದ್ವು. ನಾ ಕುಬ್ಜರ ಊರಾಗ ಜಾತಿ ಇಲ್ಲದಾಂವ ಆಗಿ ಆಡಿದ್ನಿ. ಮಾರಿ ಮ್ಯಾಲ ಗುರುತು ಹಾಕಿರತಾರ. ಮುಂದ ದೊಡ್ಡ ವೀರ ಆಗಿ ಅದ ಊರಿಗೆ ತಿರುಗಿ ಹೋದ್ರೂ ಮಂದಿ ಆ ಗುರುತ ನೋಡಿ ಮಾತಾಡತಾರ. ಆ ಸಿಟ್ಟು ನನ್ನ ಸ್ವಂತದ್ದಾಗಿತ್ತು. ಎರಡನೇದ್ರಾಗ ಎಲ್ಲಾರೂ ಹಾಕ್, ಎಲ್ಲಾರೂ ಮನಷ್ಯಾರ.

ಶಿವಲೀಲಾ, 9:53
ಆರಿಜಿನ್ಸ್‌ದಾಗ ರಾಜಗ ದ್ರೋಹ ಮಾಡಿದ ಲೋಗೇನ್‌ನ ನೀ ಕೊಲ್ಲದ ಉಳಿಸಿದ್ದಿ. ನಿನ್ನ ಜೋಡಿ ಇದ್ದ ಅಲಿಸ್ಟೇರ್ ಸಿಟ್ಟಾಗಿ ಬಿಟ್ಟು ಹೋದ. ಆ ಸೇವ್ (ಉಳಿಸಿಟ್ಟ ಆಟ) ಎರಡನೇದಕ್ಕ ಹಾಕಿದ್ಯಲ್ಲ, ಏನ್ ಕಂಡಿ? ಅದನ್ನೂ ಹೇಳು.

ಮಲ್ಲು ಜಮಖಂಡಿ, 10:02
ಅಲಿಸ್ಟೇರ್ ಹ್ಯಾಂಗ್ಡ್ ಮ್ಯಾನ್ ಅನ್ನೂ ಸೆರೆ ಅಂಗಡ್ಯಾಗ ಕುಡದು ಕುಂತಿದ್ದ. ನನ್ನ ಗುರುತು ಅವಗ ಹ್ಯಾಂಗ ಸಿಗಬೇಕು, ಈಗ ನಾ ಹಾಕ್. ಅವನ್ನ ಆ ಗತಿಗೆ ತಂದಾಂವ ನಾನ ಅಂತ ಹೇಳಾಕೂ ಬರಂಗಿಲ್ಲ. ಅವತ್ತು ರಾತ್ರಿ ಮುಂದ ಆಡಲಿಲ್ಲ.
ಅಂಥಾ ಒಂದು ಮೂಲಿ ಕಟ್ಟವರಿಗೆ ಇನ್ನೊಂದು ವರ್ಷ ಸಿಕ್ಕಿದ್ರ ಆ ಗವಿ ಹಂಗಿರತಿತ್ತೇನು? ನಾ ಬೈಯೂದು ಅವಸರಕ್ಕ.

ಸಂಗಮೇಶ ಇಂಡಿ, 10:04
ವಿಡಿಯೊದಾಗ ಇಂವನೂ ಅದನ್ನ ಹೇಳ್ಯಾನ. ನೀವು ಯಾರೂ ನೋಡೇ ಇಲ್ಲ.

ರಫೀಕ್ ವಿಜಾಪುರ, 10:09
ಹಳೇ ಹಾರ್ಡ್ ಡಿಸ್ಕ್ ತಗದೀನಿ. ಹಾಸ್ಟೆಲ್‌ದ ಸೇವ್ ಅದಾವ. ಮಲ್ಯಾಂದು ಲೋಗೇನ್ ಪಂಚಾಯ್ತಿ ಮುಂಚಿಂದೂ ಐತಿ.

ಮಲ್ಲು ಜಮಖಂಡಿ, 10:10
ರವಿವಾರ ನವನಗರಕ್ಕ ಬರತೀನಿ, ತಗೊಂಡು ಬಾ. ಈ ಸಲ ಲೋಗೇನ್‌ನ ಬಿಡಂಗಿಲ್ಲ.