ಸಹಾಯ ಬೇಕು: ಮನೆ ಪ್ರಾರ್ಥನೆಗೆ ಯಾವ ವ್ಯಾಖ್ಯಾನ ಓದಲಿ?

ಸಹೋದರ ಸಹೋದರಿಯರಿಗೆ ವಂದನೆಗಳು. ಸಂಜೆ ಪ್ರಾರ್ಥನೆಯಲ್ಲಿ ನಾವು ಬೈಬಲಿನ ಯೋಹಾನನ ಸುವಾರ್ತೆ ಓದುತ್ತಿದ್ದೇವೆ. ಜೊತೆಗೆ ವಿಲಿಯಂ ಬಾರ್ಕ್ಲೇ ಅವರ ವ್ಯಾಖ್ಯಾನ ನೋಡಿಕೊಂಡು ನಾನು ಕನ್ನಡದಲ್ಲಿ ಹೇಳುತ್ತೇನೆ. ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆಗಿದ್ದವರು, ಆದರೂ ಬರೆದದ್ದು ನಮ್ಮಂಥ ಸಾಮಾನ್ಯ ಜನರಿಗೆ. ಯೇಸುವಿನ ಕಾಲದ ಊಟ, ಮದುವೆ, ಹಬ್ಬ ಎಲ್ಲವನ್ನೂ ಚೆನ್ನಾಗಿ ವಿವರಿಸುತ್ತಾರೆ. ಮಕ್ಕಳೂ ಕಿವಿಗೊಟ್ಟು ಕೇಳುತ್ತಾರೆ.

ತೊಡಕಾಗಿರುವುದು 6ನೇ ಅಧ್ಯಾಯದಲ್ಲಿ, ಯೇಸು ಐದು ರೊಟ್ಟಿ ಎರಡು ಮೀನಿನಿಂದ ಸುಮಾರು ಐದು ಸಾವಿರ ಜನರಿಗೆ ಊಟ ಕೊಟ್ಟ ಭಾಗ. ಇದನ್ನು ಅದ್ಭುತ ಅಂತ ತಿಳಿಯಬಹುದು, ಇಲ್ಲವೇ ಜನ ಮನಸ್ಸು ಕರಗಿ ತಾವು ಬಚ್ಚಿಟ್ಟುಕೊಂಡಿದ್ದ ಬುತ್ತಿಯನ್ನು ಹಂಚಿಕೊಂಡರು ಅಂತಲೂ ತಿಳಿಯಬಹುದು ಅನ್ನುತ್ತಾರೆ ಬಾರ್ಕ್ಲೇ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಎಲ್ಲರೂ ಉಂಡ ಮೇಲೆ ಉಳಿದು ಹನ್ನೆರಡು ಪುಟ್ಟಿ ತುಂಬಿದ ತುಂಡುಗಳು ಆ ಐದು ಜವೆಗೋದಿ ರೊಟ್ಟಿಯವೇ ಅಂತ 13ನೇ ವಚನ ಸ್ಪಷ್ಟವಾಗಿ ಹೇಳುತ್ತದೆ ಅಲ್ವಾ?

ಮ್ಯಾಥ್ಯೂ ಹೆನ್ರಿ ಅವರ ವ್ಯಾಖ್ಯಾನವನ್ನೂ ನೋಡಿದೆ. ಅವರು 1714ರಲ್ಲೇ ತೀರಿಕೊಂಡವರು. ಇದನ್ನು ಅದ್ಭುತ ಅಂತಲೇ ನೇರವಾಗಿ ವಿವರಿಸುತ್ತಾರೆ. ಆದರೆ ಆ ಹಳೆಯ ಇಂಗ್ಲಿಷ್, ಉದ್ದುದ್ದ ವಾಕ್ಯಗಳನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ತುಂಬಾ ಕಷ್ಟ. ಪಾಸ್ಟರನ್ನು ಕೇಳಿದರೆ, "ಒಳ್ಳೆಯದನ್ನು ತಗೊಳ್ಳಿ, ಉಳಿದದ್ದು ಬಿಡಿ" ಅಂದರು. ಯಾವುದನ್ನು ಬಿಡಬೇಕು ಅನ್ನುವುದೇ ನನಗೆ ಗೊತ್ತಾಗುತ್ತಿಲ್ಲ. ಸುಮ್ನೆ ಆ ಪುಟ ಹಾರಿಸಿಬಿಡಲು ಮನಸ್ಸು ಬರುವುದಿಲ್ಲ, ದೊಡ್ಡ ಮಗಳು ತಾನೇ ತೆಗೆದು ಓದುತ್ತಾಳೆ.

ಬಾರ್ಕ್ಲೇ ಓದುವವರು ಅದ್ಭುತಗಳ ಭಾಗ ಬಂದಾಗ ಮನೆಯವರಿಗೆ ಹೇಗೆ ವಿವರಿಸುತ್ತೀರಿ? ಅದರ ಬದಲು ಓದಲು ಸುಲಭ ಕನ್ನಡದಲ್ಲಿ ಯೋಹಾನನ ಸುವಾರ್ತೆಯ ವ್ಯಾಖ್ಯಾನ ಇದ್ದರೆ ಅದರ ಹೆಸರು, ಸಿಗುವ ಜಾಗ ತಿಳಿಸುತ್ತೀರಾ?